ಬನ್ನಿಮರದ ಕೆಳಗಿನ ತಕರಾರು

ನಮ್ಮ ವಕೀಲ ಸಾಹೇಬರು ರೋಣದ ಕೋರ್ಟಿನಲ್ಲಿ ವಾದ ಮಾಡುತ್ತಲೇ ಎಷ್ಟೋ ವರ್ಷ ಶಾಸಕರೂ ಆಗಿದ್ದರು. ನಾನು ಅವರ ಕಾಗದಪತ್ರ ಬರೆಯುವ ಕಾರಕೂನ. ನರಗುಂದ, ಗಜೇಂದ್ರಗಡದ ಕಡೆಯಿಂದ ಎಂಥೆಂಥ ಕಕ್ಷಿದಾರರೋ ಬರುತ್ತಿದ್ದರು. ಎಲ್ಲರೂ ಬದುಕಿದ್ದವರೇ ಎಂದು ಮಾತ್ರ ಹೇಳಲಾರೆ. ಶಿವ ಆಡಿಸುವ ಆಟ, ನಡೆಯುತ್ತಲೇ ಇರುತ್ತದೆ.

ಗೆದ್ದರೂ ಬಿತ್ತದ ಹೊಲ

ಕನ್ನಡ ನಾಡು ಒಂದಾದ ವರ್ಷ. ಹಿಂಗಾರಿ ಬಿತ್ತಿಗೆಯ ಕಾಲ. ಪುರ್ತಗೇರಿಯ ರೈತನೊಬ್ಬ ಓಡುತ್ತ ಬಂದ. ಸ್ವಂತ ಅಣ್ಣನ ಮೇಲೆ ದಾವೆ ಹೂಡಿ, ನಮ್ಮ ಸಾಹೇಬರಿಂದಲೇ ಹೊಲ ಗೆದ್ದವನು. ತೀರ್ಪಾದ ಸ್ವಲ್ಪ ದಿನಕ್ಕೆ ಅಣ್ಣ ತೀರಿಕೊಂಡಿದ್ದ.

"ಬಿತ್ತಾಕ ಹೋದ್ರ ಬನ್ನಿಗಿಡದ ಹತ್ರ ಎತ್ತು ನಿಂತಬಿಡತಾವ್ರಿ. ಅಣ್ಣನ ಕೆಮ್ಮು ಕೇಳತೈತಿ."

"ನಾ ಏನ್ ಮಾಡ್ಲೋ?"

"ಕೋರ್ಟಿನ ಹುಕುಂ ಅಂವಗ ಓದಿ ಹೇಳ್ರಿ. ಹೊಲ ಬೀಳುಬಿದ್ರ, ಅರ್ಧಾ ನ್ಯಾಯ ಕೊಡಸೋ ವಕೀಲಗ ವೋಟ ಯಾಕಂತ ಊರಾಗ ಅನ್ನಾಕತ್ಯಾರ್ರಿ."

ಚುನಾವಣೆ ಹತ್ತಿರವಿತ್ತು. ಸಾಹೇಬರು ಕರೀಕೋಟು ಹಾಕಿಕೊಂಡರು.

ಮಟಮಟ ಮಧ್ಯಾಹ್ನ

ಎಲೆ ಅಲುಗದ ಬಿಸಿಲು. ಕಪ್ಪುಮಣ್ಣಿನ ಎರಿಹೊಲದ ನಡುವೆ ಒಂದೇ ಬನ್ನಿಮರ, ಅದರ ಮುಂದೆ ಕೂರಿಗೆ ಹೂಡಿದ ಎತ್ತು. ನಾನು ವಿಭೂತಿ ಮುಟ್ಟಿಕೊಂಡೆ. ಸಾಹೇಬರು ಮರಕ್ಕೆ ಎದುರಾಗಿ ನಿಂತು ಹುಕುಂ ಓದತೊಡಗಿದರು. ಅರ್ಧಕ್ಕೆ ಬಂದಾಗ ಮರದ ಹಿಂದೆ ಕೆಮ್ಮು. ಸಾಕ್ಷಿಕಟ್ಟೆಯಲ್ಲಿ ಅಣ್ಣ ನಿಂತಾಗ ಕೇಳಿದ ಅದೇ ಏದುಸಿರಿನ ಗೂರಲು ಕೆಮ್ಮು! ಹೋಗಿ ನೋಡಿದೆ. ಯಾರೂ ಇರಲಿಲ್ಲ, ಮರದ ನೆರಳು ಮಾತ್ರ ತಣ್ಣಗೆ ಕೊರೆಯುತ್ತಿತ್ತು.

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಆದರೆ ಬಾಯಿ ರೂಢಿ ಬಿಡಲಿಲ್ಲ: "ತಕರಾರಿದ್ದರೆ ಬರವಣಿಗೆಯಲ್ಲಿ ಕೊಡತಕ್ಕದ್ದು!"

ಕೆಮ್ಮು ಗಪ್ಪಾಯಿತು. ಬರವಣಿಗೆ ಅಂದರೆ ನಮ್ಮ ಸೀಮೆಯ ದೆವ್ವಕ್ಕೂ ಬೇಸರ.

ಬಂಗಾರ

ಕೆಮ್ಮು ನಿಂತರೂ ಎತ್ತು ಮಿಸುಕಲಿಲ್ಲ. ಅಂದು ದಸರಾ. ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು ವೈರಿಗಳೂ ಒಂದಾಗುವ ದಿನ.

"ಅಣ್ಣ ಇದ್ದಾಗ ಅಂವಗ ಬನ್ನಿ ಕೊಟ್ಟಿದ್ದಿಯೇನಪಾ?" ಎಂದೆ.

"ದಾವೆ ಹೂಡಿದಾಗಿಂದ ಮಾರಿನೂ ನೋಡಿಲ್ರಿ," ಎಂದು ಅತ್ತೇಬಿಟ್ಟ. ಒಂದು ಟೊಂಗೆ ಮುರಿದು ಬುಡದಲ್ಲಿಟ್ಟ. "ಅಣ್ಣಾ, ಬನ್ನಿ ತಗೊಂಡು ಬಂಗಾರಧಂಗ ಇರೂಣು."

ಬಾರುಕೋಲು ಎತ್ತುವ ಮೊದಲೇ ಎತ್ತುಗಳು ನಡೆದವು. ನಾನು ಕೈಮುಗಿದೆ.

ಸಾಹೇಬರು ಬೆವರು ಒರೆಸಿಕೊಂಡರು. "ನೋಡೋ ಕಾರಕೂನ, ಇವರು ಜೀವಂತ ಇದ್ದಾಗ ರಾಜಿ ಆಗಿದ್ರ ನನ್ನ ಮನಿ ಒಲಿ ಹ್ಯಾಂಗ ಉರೀತಿತ್ತು?"

ಎಣಿಕೆ

ಆಗ ಒಬ್ಬೊಬ್ಬ ಉಮೇದುವಾರನಿಗೂ ಬೇರೆ ಬೇರೆ ಪೆಟ್ಟಿಗೆ. ನಮ್ಮ ತಕ್ಕಡಿ ಚಿತ್ರದ ಪೆಟ್ಟಿಗೆಗೆ ಪುರ್ತಗೇರಿಯ ಹೆಣ್ಣುಮಕ್ಕಳು ಕುಂಕುಮ ಹಚ್ಚಿ ನಮಸ್ಕಾರ ಮಾಡಿದ್ದರಂತೆ. ಎಣಿಕೆಯ ದಿನ ಕೊನೆಗೆ ಅದನ್ನೇ ಬಿಚ್ಚಿದರು. ಚೀಟಿಗಳ ನಡುವೆ ಒಂದು ಬನ್ನಿ ಟೊಂಗೆ! ದಸರೆ ಮುಗಿದು ತಿಂಗಳುಗಟ್ಟಲೆ ಆಗಿದ್ದರೂ ಈಗಷ್ಟೇ ಮುರಿದಂತೆ ಹಸಿ ಹಸಿ.

ನಮ್ಮ ಪರವಾಗಿ ಎಣಿಕೆಗೆ ಕೂತಿದ್ದ ಪುರ್ತಗೇರಿಯ ರೈತ ಬೆಳ್ಳಗಾದ. "ನಾ ಬುಡಕ ಇಟ್ಟಿದ್ದ ಟೊಂಗಿ ಅದ ಐತ್ರಿ. ನಮ್ಮಣ್ಣ ನಿಮಗ ವೋಟ..."

ಸಾಹೇಬರು ಅವನ ಬಾಯಿ ಮುಚ್ಚಿದರು. "ಸುಮ್ನಿರೋ! ಸತ್ತವರ ವೋಟ ಬಿತ್ತಂತ ಎದುರಿನವ ಕೋರ್ಟಿಗೆ ಹೋದಾನು."

ಎಣಿಸಿ ಮುಗಿಸಿದಾಗ ಸಾಹೇಬರೇ ಗೆದ್ದಿದ್ದರು. ಅಧಿಕಾರಿ ಟೊಂಗೆಯನ್ನೆತ್ತಿ, "ಇದು ರದ್ದು," ಎಂದು ಪಕ್ಕಕ್ಕೆಸೆದ.

ಖಾಲಿ ಪೆಟ್ಟಿಗೆಯೊಳಗಿಂದ ಕೆಮ್ಮು ಕೇಳಿಸಿತು.

ಅಧಿಕಾರಿ ಕುರ್ಚಿ ಬಿಟ್ಟು ಎದ್ದ. ನಾನು ಶಿವ ಶಿವ ಅಂದೆ. ಸಾಹೇಬರು ಮೆಲ್ಲಗೆ ಬಗ್ಗಿ, ಪೆಟ್ಟಿಗೆಯ ಬಾಯಿಗೆ ಬಾಯಿಟ್ಟು ಅಂಗಲಾಚಿದರು: "ಯಜಮಾನ್ರ, ನಿಮ್ಮ ಕಾಲ ಬೀಳತೇನಿ... ತಕರಾರು ಬರವಣಿಗೆಯಲ್ಲಿ ಮಾತ್ರ ಕೊಡಬ್ಯಾಡ್ರಿ!"