ಮಗನ ಪ್ಯಾಂಟಿಗೆ ನನ್ನ ಅಳತೆ

ಮಕ್ಕಳ ಅರಿವೆಯ ವಿಷಯದಲ್ಲಿ ಬಹಳ ವರ್ಷ ನನಗೆ ಒಂದೇ ಸಿದ್ಧಾಂತವಿತ್ತು. ಹೊಲಿಸಿ ಕೊಡುವುದು ತಂದೆಯ ಕೆಲಸ, ಹೊಲಿಸಿದ್ದಕ್ಕೆ ತಕ್ಕಂತೆ ಬೆಳೆಯುವುದು ಮಕ್ಕಳ ಕೆಲಸ. ಬೈಲಹೊಂಗಲದ ಸರಕಾರಿ ಕಚೇರಿಯಲ್ಲಿ ಕಾರಕೂನನಾಗಿದ್ದ ನಾನು ಐದಕ್ಕೆ ಏಳುತ್ತಿದ್ದೆ, ಒಂಬತ್ತಕ್ಕೆ ಉಣ್ಣುತ್ತಿದ್ದೆ, ಹತ್ತೂವರೆಗೆ ಐದು ನಿಮಿಷ ಇರುವಾಗ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದೆ. ಅರಿವೆಗೂ ಹಾಗೆಯೇ ಒಂದು ಕ್ರಮ. ಒಮ್ಮೆ ಹೊಲಿಸಿದ್ದು ಮೂರು ವರ್ಷ ಬರಬೇಕು. ಮೊದಲನೆಯ ವರ್ಷ ದೊಡ್ಡದು, ಎರಡನೆಯ ವರ್ಷ ಸರಿ, ಮೂರನೆಯ ವರ್ಷ ಬಿಗಿ. ನನ್ನ ಒಬ್ಬನೇ ಮಗ ಶ್ರೀಪಾದ ಒಮ್ಮೆ, ಹಾಗಾದರೆ ಮೂರರಲ್ಲಿ ಒಂದು ವರ್ಷ ಮಾತ್ರ ತಾನು ಮನುಷ್ಯನಂತೆ ಕಾಣುತ್ತೇನೆ ಎಂದ. ಅವನ ಲೆಕ್ಕ ಸರಿಯಾಗಿದೆ ಎಂದು ಬೆನ್ನು ತಟ್ಟಿದೆ.

ಈ ಕ್ರಮ ನಾನು ಹುಡುಕಿದ್ದಲ್ಲ. ಸವದತ್ತಿಯಲ್ಲಿ ಸಾಲಿಗೆ ಹೋಗುವಾಗ ನಮ್ಮ ತಂದೆ ನನಗೊಂದು ಕೋಟು ಹೊಲಿಸಿದ್ದರು. ತೋಳು ಬೆರಳ ತುದಿಯನ್ನೂ ದಾಟಿ ಜೋತಾಡುತ್ತಿತ್ತು. ಕೈ ಮುಂದೆ ಮಾಡು ಎಂದ ಮಾಸ್ತರರು ಕೈಯೇ ಕಾಣದೆ, ಅಡಗಿಸುತ್ತೀಯಾ ಎಂದು ಎರಡು ಏಟು ಹೆಚ್ಚು ಕೊಟ್ಟರು. ಆದರೆ ಕೋಟು ಒಂಬತ್ತು ವರ್ಷ ಬಾಳಿತು. ಏಟಿನ ನೋವು ಒಂದು ತಾಸಿನದು.

ಶ್ರೀಪಾದ ಮ್ಯಾಟ್ರಿಕ್ ಪಾಸಾದ ವರ್ಷ ತೊಂದರೆ ಶುರುವಾಯಿತು. ಧಾರವಾಡದ ಕಾಲೇಜಿಗೆ ಹೋಗಬೇಕು, ಪ್ಯಾಂಟು ಬೇಕು ಎಂದ. ನಮ್ಮ ಮನೆಯಲ್ಲಿ ಧೋತರ ಬಿಟ್ಟು ಬೇರೆಯದನ್ನು ಕಂಡವರಿಲ್ಲ. ಕಾಲಿಗೊಂದರಂತೆ ಚೀಲ ಹಾಕಿಕೊಂಡು ತಿರುಗುವುದು ಯಾವ ಶೋಕಿ ಎಂದು ನಾನು ಕೇಳಿದೆ. ಅಲ್ಲಿಯವರೆಗೆ ಆ ಹುಡುಗ ಬಾಯಿಬಿಟ್ಟು ಏನನ್ನೂ ಕೇಳಿದವನೇ ಅಲ್ಲ ಎಂದು ಅವನ ತಾಯಿ ನೆನಪಿಸಿದಳು. ನಾಲ್ಕನೆಯ ದಿನ ಒಪ್ಪಿದೆ, ಆದರೆ ನನ್ನ ಕ್ರಮದಂತೆ.

ಸಿಂಪಿಗ ಗಂಗಪ್ಪನ ಅಂಗಡಿ ಪೇಟೆಯ ನಡುವೆ. ಅವನು ಟೇಪು ಹಿಡಿದು ಹುಡುಗನ ಕಡೆ ಬಗ್ಗಿದ. ನಾನು ಹುಡುಗನನ್ನು ಸರಿಸಿ ನಾನೇ ನಿಂತೆ.

"ರಾಯರ, ಹಾಕ್ಕೊಳ್ಳಾವ್ರು ಯಾರ್ರಿ?" ಎಂದ ಗಂಗಪ್ಪ.

"ಅಂವಾ. ಆದ್ರ ಅಳತಿ ನಂದು ಹಿಡಿ. ಹದಿನಾರು ವರ್ಷದ ಹುಡುಗ, ನನ್ನಷ್ಟ ಎತ್ತರ ಬೆಳದ ಬೆಳೀತಾನ."

ಒಳಗೆ ಮಡಚಿ ಹೊಲಿಯುತ್ತೇನೆ, ಆಮೇಲೆ ಬಿಚ್ಚಬಹುದು ಎಂದು ಅವನು ಸೂಚಿಸಿದ. ಮಡಚಿದ ಗುರುತು ಉಳಿಯುತ್ತದೆ ಎಂದು ಬೇಡವೆಂದೆ. ಧೋತರದ ಮೇಲೆಯೇ ಟೇಪು ಹರಿಯಿತು. ಯರಗಟ್ಟಿಯ ಬಸ್ಸಿಗೆ ಹೊರಟಿದ್ದ ಪರಿಚಯದವರೊಬ್ಬರು ನಿಂತು, ಈ ವಯಸ್ಸಿನಲ್ಲಿ ನಿಮಗೂ ಪ್ಯಾಂಟಿನ ಶೋಕಿ ಬಂತೇ ಎಂದು ನಕ್ಕು ಹೋದರು. ಶ್ರೀಪಾದ ಅಷ್ಟು ಹೊತ್ತೂ ಹೊಲಿಗೆ ಯಂತ್ರದ ಗಾಲಿಯನ್ನೇ ನೋಡುತ್ತ ನಿಂತಿದ್ದ.

ದೀಪಾವಳಿ ರಜೆಗೆ ಅವನು ಧೋತರದಲ್ಲೇ ಬಂದಿಳಿದಾಗ ನನಗೆ ಸಂತೋಷವಾಯಿತು. ಪ್ಯಾಂಟು ಟ್ರಂಕಿನ ತಳದಲ್ಲಿತ್ತು. ಕೆಳಗೆ ನಾಲ್ಕು ಸುತ್ತು ಮಡಚಿ, ನಡುವಿಗೆ ಹುರಿ ಕಟ್ಟಿ ಎರಡು ದಿನ ಹಾಕಿಕೊಂಡನಂತೆ. ಧೋತರಕ್ಕೆ ಮರಳಿದ ಮೇಲೂ ಹುಡುಗರ ನಗು ನಿಲ್ಲಲಿಲ್ಲವಂತೆ. ಈಗ ಹಿಂದಿನ ಬೆಂಚಿನಲ್ಲಿ ಕೂಡುತ್ತಾನಂತೆ, ಬೋರ್ಡಿನ ಹತ್ತಿರ ಕರೆದರೆ ಉತ್ತರ ಬರುವುದಿಲ್ಲವೆನ್ನುತ್ತಾನಂತೆ.

"ನಿಮ್ಮಪ್ಪಂದ ಹಾಕ್ಕೊಂಡ ಬಂದೀಯೇನಲೇ ಅಂತ ಕೇಳತಾರ," ಎಂದ. "ಅಲ್ಲ ಅನ್ನಲಿಕ್ಕೆ ನನಗ ಬರೂದಿಲ್ಲ, ಅಪ್ಪಾ."

ಉತ್ತರ ಗೊತ್ತಿದ್ದೂ ಇಲ್ಲವೆನ್ನುತ್ತಾನೆಂಬುದು ಮನಸ್ಸಿಗೆ ಚುಚ್ಚಿತು. ಆದರೂ ತಾಳ್ಮೆ ಬೇಕು ಎಂದೆ. ಅವನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ನೆತ್ತಿಯ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದೆ. ಸಂಕ್ರಾಂತಿಗೆ ಬಂದಾಗ ಎಳೆದ ಗೆರೆ ಮೊದಲಿನದರ ಮೇಲೆಯೇ ಬಿತ್ತು. ಪೆನ್ಸಿಲ್ ಮೊಂಡಾಗಿರಬೇಕೆಂದು ಚೂಪು ಮಾಡಿದೆ. ಯುಗಾದಿಗೆ ಪೆನ್ಸಿಲನ್ನೇ ಬದಲಿಸಿದೆ. ಗೆರೆ ದಪ್ಪವಾಯಿತು, ಮೇಲೆ ಏರಲಿಲ್ಲ.

ಅವನ ತಾಯಿ ಅಡಿಗೆಮನೆಯಿಂದ ಬಂದು ಗೆರೆಯನ್ನು ನೋಡಿದಳು. "ನಮ್ಮ ತವರುಮನ್ಯಾಗ ಎಲ್ಲಾರೂ ಇಷ್ಟ ಎತ್ತರ. ಲಗ್ನದಾಗ ನೀವು ನೋಡಿಲ್ಲೇನು? ನಿಮ್ಮ ಅಳತೀಲೆ ಹೊಲಿಸೀರಿ, ನೀವ ಹಾಕ್ಕೋರಿ. ಅವಗ ಅವನ ಅಳತೀದು ಹೊಲಸ್ರಿ."

ಮರುದಿನವೇ ಹೊಲಿಸಲು ಹಾಕಿದೆ. ಟೇಪು ಈ ಸಲ ಹುಡುಗನ ಮೈಮೇಲೆ ಹರಿಯಿತು. ಅವನು ಎಷ್ಟು ನೆಟ್ಟಗೆ ನಿಂತನೆಂದರೆ, ಇದೇ ನಿಲುವಿನಲ್ಲಿ ಚೌಕಟ್ಟಿಗೆ ನಿಂತಿದ್ದರೆ ಅರ್ಧ ಬೆರಳು ಗೆರೆ ಏರುತ್ತಿತ್ತು.

ಉಳಿದದ್ದು ಆ ದೊಡ್ಡ ಪ್ಯಾಂಟು. ಒಳ್ಳೆಯ ಬಟ್ಟೆ, ನುಸಿಗೆ ಕೊಡಲು ಮನಸ್ಸಾಗಲಿಲ್ಲ. ಒಂದು ರವಿವಾರ ಕದ ಮುಚ್ಚಿ ಹಾಕಿ ನೋಡಿದೆ. ಬರೋಬ್ಬರಿ ಕೂತಿತು. ಅದರ ಕಿಸೆಗಳ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಬಲಗಡೆ ಕೀಲಿಕೈ, ಎಡಗಡೆ ಕರವಸ್ತ್ರ, ಹಿಂದೆ ಬಸ್ಸಿನ ಚೀಟಿ. ಇಷ್ಟು ಶಿಸ್ತಿನ ಉಡುಪನ್ನು ಐವತ್ತು ವರ್ಷ ಶೋಕಿಯೆಂದು ಬೈದಿದ್ದೆ. ಸೋಮವಾರ ಕಚೇರಿಗೆ ಅದರಲ್ಲೇ ಹೋದೆ. ಮೆಟ್ಟಿಲು ಹತ್ತಿದಾಗ ಹತ್ತೂವರೆಗೆ ಎಂಟು ನಿಮಿಷವಿತ್ತು.

ಮೇ ತಿಂಗಳ ರಜೆಯಲ್ಲಿ ಶ್ರೀಪಾದನನ್ನೇ ಜೊತೆಗೆ ಕರೆದುಕೊಂಡು, ಇನ್ನೊಂದು ಹೊಲಿಸಲು ಗಂಗಪ್ಪನಲ್ಲಿಗೆ ಹೋದೆ. ಬರೋಬ್ಬರಿ ಅಳತೆ ಹಿಡಿ, ನಾನಿನ್ನು ಬೆಳೆಯುವವನಲ್ಲ ಎಂದೆ. ಗಂಗಪ್ಪ ನನ್ನ ಹೊಟ್ಟೆಯ ಸುತ್ತ ಟೇಪು ತಂದು, ಅಂಕಿ ನೋಡಿದ.

"ಎತ್ತರಕ್ಕ ಬೆಳ್ಯಂಗಿಲ್ಲ, ಖರೆ ಐತ್ರಿ," ಎಂದ. "ನಡಕ್ಕ ಮಾತ್ರ ನಾಕ ಬೆರಳು ಹೆಚ್ಚಿಗಿ ಬಿಟ್ಟಿರತೇನ್ರಿ, ರಾಯರ."

ಶ್ರೀಪಾದ ನನ್ನ ಮುಖ ನೋಡಿದ. ನಾನು ಹೊಲಿಗೆ ಯಂತ್ರದ ಗಾಲಿಯನ್ನು ನೋಡುತ್ತ ನಿಂತೆ.