ಒಪ್ಪುವುದಿಲ್ಲ ಎಂದು ಎದ್ದು ಹೋದದ್ದು

ಬ್ಯಾಟರಾಯನಪುರದ ನಮ್ಮ ವಂಶದಲ್ಲಿ ಓದದೆ ರುಜು ಹಾಕಿದವರು ಯಾರೂ ಇಲ್ಲ. ಓದಲು ಬಾರದವರು ಇದ್ದರು, ಅದು ಬೇರೆ ಮಾತು. ಅವರು ಓದಿಸಿ ಕೇಳಿ ಹೆಬ್ಬೆಟ್ಟು ಒತ್ತುತ್ತಿದ್ದರು. ಆದ್ದರಿಂದ ಫೋನಿನಲ್ಲಿ ‘ನಮ್ಮ ಬಳಕೆಯ ನಿಯಮಗಳು ಬದಲಾಗಿವೆ, ಒಪ್ಪಿ ಮುಂದುವರಿಯಿರಿ’ ಎಂಬ ಒಕ್ಕಣೆ ಬಂದಾಗ, ಊರವರೆಲ್ಲ ಮಾಡುವಂತೆ ಕಣ್ಣುಮುಚ್ಚಿ ಗುಂಡಿ ಒತ್ತಲು ನನಗೆ ಮನಸ್ಸಾಗಲಿಲ್ಲ.

ಅದು ಫೋಟೊ, ಧ್ವನಿ ಎಲ್ಲವನ್ನೂ ಜೋಪಾನವಾಗಿ ಇಡುವ ಒಂದು ಆ್ಯಪ್. ಅದರಲ್ಲಿ ನನ್ನದೆಂದು ಹೇಳಿಕೊಳ್ಳುವಂಥ ಆಸ್ತಿ ಒಂದೇ: ತೀರಿಹೋದ ಅಮ್ಮನ ದನಿ. ಬಸ್ಸಾರು ಮಾಡುವುದು ಹೇಗೆ ಎಂದು ಅಮ್ಮ ಹೇಳಿದ್ದನ್ನು ಹಿಂದೊಮ್ಮೆ ರೆಕಾರ್ಡ್ ಮಾಡಿದ್ದೆ. ಆ ಹಳೆಯ ಫೋನು ಆಮೇಲೆ ನೀರಿನ ಸಂಪಿಗೆ ಬಿದ್ದು ಸತ್ತಿತು. ಉಳಿದದ್ದು ಈ ಆ್ಯಪಿನಲ್ಲಿದ್ದ ಪ್ರತಿ ಮಾತ್ರ. ನನ್ನ ಹೆಂಡತಿ ಸರೋಜ ಬಸ್ಸಾರು ಮಾಡುವಾಗಲೆಲ್ಲ ಅದನ್ನು ಹಾಕಿಸಿ ಕೇಳುತ್ತಾಳೆ. ಮಾಡುವ ಕ್ರಮ ಅವಳಿಗೆ ಬಾಯಿಪಾಠ. ಆದರೂ ಅತ್ತೆಯಿಂದ ಒಮ್ಮೆ ಬೈಸಿಕೊಳ್ಳದೆ ಒಗ್ಗರಣೆ ಹಾಕಿದರೆ ಸಾರು ಸಪ್ಪೆ ಅನ್ನುತ್ತಾಳೆ.

ಇಷ್ಟು ಬೆಲೆಬಾಳುವ ಆಸ್ತಿಯ ಪತ್ರವನ್ನು ನಾನು ಓದದೇ ಇರಲು ಸಾಧ್ಯವೇ?

ನಾನು ಚಿಕ್ಕವನಿದ್ದಾಗ ಪತ್ರ ಓದುವುದೆಂದರೆ ನಮ್ಮ ಜಗಲಿಯಲ್ಲಿ ಒಂದು ಸಮಾರಂಭ. ಜಮೀನು ಮಾರಲಿ, ಭಾಗವಾಗಲಿ, ಊರಿನ ಹಿರಿಯರೆಲ್ಲ ಬಂದು ಕೂರುತ್ತಿದ್ದರು. ಪತ್ರ ಬರೆದವರು ‘ನಿಧಿ, ನಿಕ್ಷೇಪ, ಜಲ, ತರು, ಪಾಷಾಣ’ ಎಂದು ರಾಗವಾಗಿ ಓದುತ್ತಿದ್ದರು. ಪಾಷಾಣ ಮುಗಿಯುವ ಹೊತ್ತಿಗೆ ಸರಿಯಾಗಿ ನಮ್ಮಪ್ಪ ಹೆಗಲ ಟವೆಲ್ಲು ಕೊಡವಿ, “ಇದ್ಕೆ ನನ್ ಒಪ್ಗೆ ಇಲ್ಲ” ಎಂದು ಎದ್ದು ಹೊರಟುಬಿಡುತ್ತಿದ್ದರು. ಬಳ್ಳಾರಿ ರಸ್ತೆಯ ಪಕ್ಕದ ಹೊಂಗೆಮರದವರೆಗೆ, ಅಷ್ಟೇ. ಯಾರೂ ಗಾಬರಿಯಾಗುತ್ತಿರಲಿಲ್ಲ. ಯಾರಾದರೊಬ್ಬರು ಹೋಗಿ ಕೈಹಿಡಿದು ಕರೆತರುತ್ತಿದ್ದರು. ಪತ್ರದಲ್ಲಿ ಒಂದು ಸಾಲಿಗೆ ಕಾಟು ಬೀಳುತ್ತಿತ್ತು. ಕಾಫಿ ಬರುತ್ತಿತ್ತು. ಎದ್ದು ಹೋಗುವುದೆಂದರೆ ನಮ್ಮಲ್ಲಿ ಮಾತು ಮುರಿದಂತಲ್ಲ, ಶುರುವಾದಂತೆ. ಆ ಜಗಲಿ, ಆ ಮರ ಈಗಿಲ್ಲ. ಮರವಿದ್ದ ಕಡೆ ಫ್ಲೈಓವರಿನ ಕಂಬವಿದೆ. ಕಂಬದ ಕೆಳಗೆ ಯಾರು ಸಿಟ್ಟಾಗಿ ನಿಂತರೂ ಬಸ್ಸಿಗೆ ಕಾಯುತ್ತಿದ್ದಾರೆ ಎಂದೇ ಜನ ತಿಳಿಯುತ್ತಾರೆ.

ಆ ಸಂಪ್ರದಾಯವನ್ನು ಉಳಿಸುವ ಸದುದ್ದೇಶದಿಂದ ಒಂದು ಭಾನುವಾರ ನಿಯಮಗಳ ಬಹಿರಂಗ ವಾಚನ ಏರ್ಪಡಿಸಿದೆ. ಸಭಿಕರು ಇಬ್ಬರು: ಸರೋಜ, ಮತ್ತು ಪಕ್ಕದ ಮನೆಯ ಅನ್ವರ್ ಸಾಹೇಬರು. ಸಾಹೇಬರು ಆರ್.ಟಿ. ನಗರದಲ್ಲಿ ಬಹಳ ಕಾಲ ಬಟ್ಟೆ ಅಂಗಡಿ ನಡೆಸಿ, ಈಗ ಅದನ್ನು ಮಗಳಿಗೆ ಒಪ್ಪಿಸಿ ಆರಾಮವಾಗಿರುವವರು.

“ಸಾರ್, ಇದು ಒಂದ್ ಬೆರಳಿನ ಕೆಲ್ಸ. ಒತ್ಬಿಟ್ಟು ಕಾಫಿ ಕುಡಿಯಣ,” ಎಂದರು. ನಾನು ಕಿವಿಗೆ ಹಾಕಿಕೊಳ್ಳದೆ ಕನ್ನಡಕ ಏರಿಸಿದೆ.

ಕಂಪನಿಯವರು ಕನ್ನಡದಲ್ಲೂ ನಿಯಮ ಕೊಟ್ಟಿದ್ದರು. ಒಂದು ವಾಕ್ಯ ಶುರುವಾದರೆ ಮುಗಿಯುವುದು ಮುಂದಿನ ಪುಟದಲ್ಲಿ. ಸ್ವಲ್ಪ ಹೊತ್ತಿಗೆ ಸರೋಜ ಕುಕ್ಕರ್ ನೆಪದಲ್ಲಿ ಒಳಗೆ ಹೋದಳು. ಸಾಹೇಬರು ಕಣ್ಣು ಮುಚ್ಚಿ ‘ಹೂಂ, ಹೂಂ’ ಅನ್ನುತ್ತಿದ್ದರು. ಏಕಾಗ್ರತೆ ಎಂದುಕೊಂಡೆ. ಗೊರಕೆ!

ಅಷ್ಟರಲ್ಲಿ ಆ ಸಾಲು ಬಂತು. ನಾನು ಇಟ್ಟದ್ದನ್ನೆಲ್ಲ ಜಗತ್ತಿನಾದ್ಯಂತ ನಕಲು ಮಾಡುವ, ಮಾರ್ಪಡಿಸುವ ಹಕ್ಕನ್ನು ಕಂಪನಿಗೆ ಕೊಡಬೇಕಂತೆ. ನನಗೆ ಮೈ ಉರಿಯಿತು. ಅಮ್ಮನನ್ನು ಮಾರ್ಪಡಿಸುವುದು ಅಪ್ಪನ ಕೈಲೇ ಆಗಿರಲಿಲ್ಲ, ಇನ್ನು ಇವರು!

ಪರದೆಯ ಮೇಲೆ ಎರಡು ಗುಂಡಿಗಳಿದ್ದವು. ಟವೆಲ್ಲು ಇರಲಿಲ್ಲ, ಸೋಫಾದ ಮೇಲಿನ ಬಟ್ಟೆಯನ್ನೇ ಕೊಡವಿ, ‘ಒಪ್ಪುವುದಿಲ್ಲ’ ಎಂಬುದನ್ನು ಒತ್ತಿದೆ. ‘ಖಚಿತವೇ?’ ಎಂದು ಕೇಳಿತು. ನೋಡಿದಿರಾ, ಮಾತುಕತೆಗೆ ಬಂದರು ಎಂದು ಸಾಹೇಬರನ್ನು ಎಬ್ಬಿಸಿ ತೋರಿಸಿ, ‘ಹೌದು’ ಒತ್ತಿದೆ. ‘ನಿಮ್ಮ ಖಾತೆಯನ್ನು ಮುಚ್ಚಲಾಗಿದೆ’ ಎಂದು ದೊಡ್ಡಕ್ಷರದಲ್ಲಿ ಬಂತು. ಕೆಳಗೆ ಸಣ್ಣಕ್ಷರದಲ್ಲಿ ಇನ್ನೇನೋ ಇತ್ತು. ಅಷ್ಟೊತ್ತಿಗೆ ನನ್ನ ಮನಸ್ಸು ಆಗಲೇ ಹೊಂಗೆಮರದ ಹತ್ತಿರ ಹೋಗಿತ್ತು. ಓದಲಿಲ್ಲ.

ಕಂಪನಿಯವರು ಕರೆಯಲು ಬಂದೇ ಬರುತ್ತಾರೆ ಎಂದು ಸಾಹೇಬರಿಗೂ ಹೇಳಿ ಕಾದೆ. ದಿನಗಳು ಕಳೆದವು. ಒಂದು ಮಧ್ಯಾಹ್ನ ಫೋನು ಬಂತು. ಯಾರೋ ಹುಡುಗಿ ಬಹಳ ವಿನಯದಿಂದ, ಎರಡು ನಿಮಿಷ ಮಾತಾಡಬಹುದೇ ಎಂದಳು. ನೀವು ಫೋನ್ ಮಾಡ್ತೀರಿ ಅಂತ ಗೊತ್ತಿತ್ತಮ್ಮ ಎಂದು ಗತ್ತಿನಿಂದಲೇ ಹೇಳಿ, ಯಾವ ಸಾಲಿಗೆ ಕಾಟು ಹಾಕಬೇಕು ಎಂದು ಸವಿಸ್ತಾರವಾಗಿ ವಿವರಿಸಿದೆ. ಪಾಪ, ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, ಹಾಗಾದರೆ ಸರ್ ನಿಮಗೆ ಪರ್ಸನಲ್ ಲೋನ್ ಬೇಕಾ ಬೇಡವಾ ಎಂದಳು.

ಮತ್ತೊಂದು ಭಾನುವಾರ ಸರೋಜ ಹುರುಳಿಕಾಳು ಬೇಯಿಸಿ, ಕಟ್ಟು ಬಸಿದಿಟ್ಟು, ಅತ್ತೇನ ಹಾಕ್ರೀ ಎಂದಳು. ಹಾಕಲು ಹೋದೆ. ಅಮ್ಮ ಇರಲಿಲ್ಲ. ಅದೇ ಮುಚ್ಚಲಾಗಿದೆ ಎಂಬ ದೊಡ್ಡಕ್ಷರ. ಕಂಪನಿಯವರು ಇನ್ನೇನು ಫೋನ್ ಮಾಡುತ್ತಾರೆ ಎಂದು ತೊದಲಿದೆ. ಅವಳು ಕೂಗಾಡಲಿಲ್ಲ. ಒಲೆ ಆರಿಸಿ, ಫೋನು ಕಿತ್ತುಕೊಂಡು, ಕೆಳಗಿನ ಸಣ್ಣಕ್ಷರ ಓದಿದಳು. ಮನಸ್ಸು ಬದಲಾಯಿಸಿ ಒಪ್ಪಿಕೊಂಡರೆ ಖಾತೆ ಮತ್ತೆ ತೆರೆಯುತ್ತದೆ. ಗಡುವು ಮೀರಿದರೆ ಎಲ್ಲವೂ ಅಳಿಸಿಹೋಗುತ್ತದೆ. ಗಡುವು ಅವತ್ತೇ!

ಅಮ್ಮನನ್ನು ಎರಡನೇ ಸಲ ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಆದರೂ ಕರೆಯದೇ ವಾಪಸ್ ಹೋಗುವುದು ಹೇಗೆ ಎಂಬ ಹಾಳು ಬಿಂಕ ಬೆರಳನ್ನು ಹಿಡಿದುಕೊಂಡಿತ್ತು.

“ಮಾವನವ್ರೂ ಒಂದ್ಸಲ ಹಿಂಗೇ ಎದ್ದೋಗಿದ್ರಂತೆ,” ಎಂದಳು ಸರೋಜ. “ಅತ್ತೆ ಹೇಳಿದ್ರು. ಯಾರೂ ಕರಿಯಕ್ಕೆ ಹೋಗ್ಲಿಲ್ವಂತೆ. ಬಿಸ್ಲೇರೋವರ್ಗೂ ಮರದ ಕೆಳ್ಗೆ ನಿಂತಿದ್ದು, ತಾವೇ ಬಂದು ಕೂತ್ಕೊಂಡ್ರಂತೆ. ಯಾಕ್ ಬಂದೆ ಅಂದ್ರೆ, ಎಲೆ ಅಡಿಕೆ ತರಕ್ಕೆ ಹೋಗಿದ್ದೆ ಅಂದ್ರಂತೆ.”

ನಾನು ‘ಒಪ್ಪುತ್ತೇನೆ’ ಒತ್ತಿದೆ. ಆ ನಿಯಮಗಳು ಮತ್ತೊಮ್ಮೆ ಬದಲಾಗಿ ಇನ್ನಷ್ಟು ಉದ್ದವಾಗಿದ್ದವು. ಒಂದಕ್ಷರ ಓದಲಿಲ್ಲ. ವಂಶದಲ್ಲೇ ಮೊದಲು!

ಖಾತೆ ತೆರೆಯಿತು. ಮೊದಲಿನಿಂದ ಹಾಕಿದೆ. ಆರಂಭದಲ್ಲಿ ನನ್ನದೇ ದನಿ, ನೀನು ಹೇಳೋದನ್ನ ಇದರಲ್ಲಿ ಇಟ್ಕೊಳ್ಳಲಾ ಎಂದು ಕೇಳುತ್ತದೆ. ಅದನ್ನು ಎಷ್ಟು ಸಲ ಕೇಳಿದ್ದೆನೋ, ಅಮ್ಮನ ಉತ್ತರ ಕಿವಿಗೆ ಬಿದ್ದದ್ದು ಅವತ್ತೇ.

“ಇಟ್ಕೊಳಪ್ಪ. ನಂದು ಅನ್ನೋದೆಲ್ಲ ನಿಂದೇ ಅಲ್ವಾ, ಏನ್ ಬೇಕಾದ್ರೂ ಮಾಡ್ಕೊ. ಮೊದ್ಲು ಉಳ್ಳಿಕಾಳು ಉರ್ಕೊ, ಇಂಗೆ ಬಾಯ್ ಬಿಟ್ಕೊಂಡ್ ನಿಂತ್ಕೊಬ್ಯಾಡ.”

ಕಣ್ಣು ಮಂಜಾಯಿತು. ಸರೋಜ ಮತ್ತೆ ಹಚ್ಚಿದ ಒಲೆಯ ಮೇಲೆ ಒಗ್ಗರಣೆ ಸಿಡಿಯಿತು. ಕಾಂಪೌಂಡಿನ ಆಚೆಯಿಂದ ಅನ್ವರ್ ಸಾಹೇಬರು, ಅಮ್ಮನ ದನಿ ಕೇಳಿಸ್ತಿದೆಯಲ್ಲ ಸಾರ್, ಕೊನೆಗೆ ಕಂಪನಿಯವರೇ ಬಂದು ಕರೆದರಾ ಎಂದು ವಿಚಾರಿಸಿದರು.

“ಇಲ್ಲ ಸಾಹೇಬ್ರೇ,” ಎಂದೆ. “ಎಲೆ ಅಡಿಕೆ ತರಕ್ಕೆ ಹೋಗಿದ್ದೆ.”