ನಿಂದೆಗೊಂದು ಕಾಯಂ ಹುದ್ದೆ

ಕಚೇರಿ ಸಿಬ್ಬಂದಿಯ ಶಬ್ದಸಂಪತ್ತು ತೀರಾ ಬಡಕಲಾಗಿದೆಯೆಂದು ಮೇಲಿನವರಿಗೆ ಮನವರಿಕೆಯಾದ ಪ್ರಯುಕ್ತ, ವಾರಕ್ಕೊಂದು ಪದದ ಅರ್ಥ ತಿಳಿದು, ಅದನ್ನು ತಪಾಸಣಾಧಿಕಾರಿಯ ಸಮಕ್ಷಮ ಬಳಸಿ ತೋರಿಸತಕ್ಕದ್ದೆಂದು ಆಜ್ಞೆ ಹೊರಟಿತು. ಮೊದಲ ಪದ 'ಪ್ರಾಮಾಣಿಕತೆ'. ಅರ್ಥ ಎಲ್ಲರಿಗೂ ಬಾಯಿಪಾಠ. ಬಳಸಲು ಸಲಕರಣೆ ಸಾಲದ್ದರಿಂದ ಮುಂದೂಡಲಾಯಿತು. ಎರಡನೆಯದು 'ನಿಂದೆ'.

ಟಪಾಲು ನೋಡಿಕೊಳ್ಳುವ ಹಂಗಾಮಿ ಹೆಂಗಸು ಪದವನ್ನು ಅಂಗೈ ಮೇಲೆ ಬರೆದುಕೊಂಡಳು. ಪಾಸಾದರೆ ಕಾಯಂ, ಇಲ್ಲವಾದರೆ ಮನೆ. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ.

ಹೆಡ್ ಗುಮಾಸ್ತರು ಪದ ಬಿಡಿಸಿದರು. "ಎದುರಿಗೆ ಇಲ್ಲದವರನ್ನ ಆಡ್ಕೊಂಡ್ರೆ ನಿಂದೆ. ಇದ್ದೋರನ್ನ ಅಂದ್ರೆ ಜಗಳ. ಅದು ಮುಂದಿನ ತಿಂಗಳು."

ತೊಡಕು ಅಲ್ಲೇ ಹುಟ್ಟಿತು. ಎದ್ದು ಹೋದವರೇ ಪಾಠವಾಗುತ್ತಾರೆಂದು ಯಾರೂ ಕುರ್ಚಿ ಬಿಡಲಿಲ್ಲ. ಬೆಳಿಗ್ಗೆಯೇ ಕಾಫಿಗೆ ಮಾಯವಾಗುತ್ತಿದ್ದ ಲೆಕ್ಕಿಗ ಕೂಡ ಕಾಲು ಹೆಣೆದುಕೊಂಡು, ಬೆವರುತ್ತಾ ಕೂತ. ಒಳಬಂದ ಸಾರ್ವಜನಿಕರು ಎಲ್ಲ ಕುರ್ಚಿಗಳಲ್ಲೂ ಜನ ಇರುವುದನ್ನು ಕಂಡು, ಏನೋ ಅನಾಹುತವಾಗಿದೆಯೆಂದು ಬಂದ ದಾರಿ ಹಿಡಿದರು.

"ಕಾಯಂ ಆಗ್ಬೇಕು ತಾನೇನಮ್ಮ? ಸಂಸ್ಥೆಗೋಸ್ಕರ ಸ್ವಲ್ಪ ಹೊತ್ತು ಆಚೆ ಕೂತ್ಕೊಳ್ಳಿ," ಎಂದರು ಹೆಡ್ ಗುಮಾಸ್ತರು.

"ಪದ ನಾನೂ ಬಳಸ್ಬೇಕಲ್ವಾ ಸರ್?"

"ನಿಮ್ಮನ್ನೇ ಬಳಸ್ತೀವಲ್ಲ!"

ಅವಳು ಬಾಗಿಲಾಚೆ ಸ್ಟೂಲಿನ ಮೇಲೆ ಕೂತಳು. ಒಳಗೆ ಕಚೇರಿ ಎಂದೂ ಕಾಣದ ಹುರುಪಿನಿಂದ ದುಡಿಯತೊಡಗಿತು. "ನಡಿಗೆ ನೋಡಿದ್ದೀರಾ, ಕಚೇರಿನೇ ಅವಳಪ್ಪಂದು ಅನ್ನೋ ಹಾಗೆ!" ಎಂದಳು ಟೈಪಿಸ್ಟ್. "ಅಂಟಿನ ಡಬ್ಬಿಗಳೆಲ್ಲ ಎಲ್ಲಿಗೆ ಹೋಗ್ತವೆ ಅಂದ್ಕೊಂಡ್ರಿ?" ಎಂದ ಲೆಕ್ಕಿಗ. ತಪಾಸಣಾಧಿಕಾರಿ ತಲೆದೂಗಿ ಅಂಕ ಹಾಕುತ್ತಿದ್ದರು.

ಅಂಟಿನ ಮಾತಿಗೆ ಅವಳು ಬಾಗಿಲು ದೂಡಿದಳು. "ಅಂಟು ಒಯ್ಯೋದು ನಾನಲ್ಲ ರೀ! ನಿಮ್ಮ ಚೀಲದಲ್ಲೇ ಇದೆ, ತೆಗೀರಿ!"

"ಛೇ!" ತಪಾಸಣಾಧಿಕಾರಿ ಪೆನ್ನು ಕೆಳಗಿಟ್ಟರು. "ಚೆನ್ನಾಗಿ ನಡೀತಿದ್ದ ನಿಂದೇನ ಜಗಳ ಮಾಡಿಬಿಟ್ರಲ್ಲಮ್ಮ. ನೌಕರಿ ಬೇಕಾ, ಮರ್ಯಾದೆ ಬೇಕಾ? ಎರಡೂ ಕೊಡೋಕೆ ನಿಯಮ ಇಲ್ಲ."

ಅವಳು ಬಾಗಿಲನ್ನು ತಾನೇ ಎಳೆದುಕೊಂಡು ಹೊರಗೆ ಕೂತಳು.

ಎಲ್ಲರೂ ಉನ್ನತ ದರ್ಜೆಯಲ್ಲಿ ತೇರ್ಗಡೆಯಾದರು. ಅಭ್ಯಾಸ ತಪ್ಪಬಾರದೆಂಬ ಸದುದ್ದೇಶದಿಂದ 'ಗೈರುಹಾಜರಿ ಸಹಾಯಕಿ' ಎಂಬ ಹುದ್ದೆ ಸೃಷ್ಟಿಸಿ ಅವಳನ್ನು ಕಾಯಂಗೊಳಿಸಲಾಯಿತು. ಷರತ್ತುಗಳು ಎರಡು: ಕಚೇರಿ ವೇಳೆಯಲ್ಲಿ ಒಳಗೆ ಕಾಲಿಡಕೂಡದು; ಆಡಿಕೊಳ್ಳಲು ಅಡ್ಡಿಯಾಗುವಂಥ ಒಳ್ಳೆಯ ಕೆಲಸ ಮಾಡಕೂಡದು. ಟಪಾಲು ಮೂಲೆಯಲ್ಲಿ ಸೊಂಟದೆತ್ತರ ಬೆಳೆಯಿತು. ಯಾರೂ ಕೇಳಲಿಲ್ಲ.

ಸಂಜೆ ಅತ್ತೆ ವಿಚಾರಿಸಿದರು. "ಏನೇ ಕೆಲಸ?"

"ಇಲ್ಲದೇ ಇರೋದು, ಅತ್ತೆ. ನಾನಿಲ್ಲ ಅಂತ ಅವರೆಲ್ಲ ನನ್ನನ್ನ ಬಯ್ಯೋದು."

"ಸಂಬಳ?"

"ತಿಂಗಳು ತಿಂಗಳು."

ಮರುದಿನ ಅತ್ತೆ ಪಕ್ಕದ ಮನೆಯಾಕೆಯನ್ನು ಗೋಡೆಯ ಬಳಿ ತಡೆದು ನಿಲ್ಲಿಸಿದರು. "ನನ್ನ ಸೊಸೇನ ಬಯ್ಯೋಕೆ ಒಂದಿಡೀ ಕಚೇರಿನೇ ಇಟ್ಟಿದ್ದಾರೆ ಕಣ್ರೀ. ಪಾಪ, ನಿಮ್ಮ ಸೊಸೆಗೆ ನೀವೊಬ್ಬರೇ."